ಅತ್ತೆಯ ಅಟ್ಟಕ್ಕೆ ಕ್ಯಾಲ್ಸಿಯಂ ಕ್ಲೋರೈಡು

ಹ್ಯಾಲೈಡುಗಳ ಭೌತಿಕ ಗುಣಗಳ ಬಗ್ಗೆ ನನ್ನಷ್ಟು ಅಧಿಕಾರದಿಂದ ಮಾತಾಡಬಲ್ಲವರು ಇಡೀ ತುರುವೇಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಇಪ್ಪತ್ತಾರು ವರ್ಷ ನಂಬಿಕೊಂಡಿದ್ದೆ. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮುಂತಾದವು ಲೋಹದ ಜೊತೆ ಸಂಸಾರ ಹೂಡಿದರೆ ಹುಟ್ಟುವ ಲವಣಗಳೇ ಹ್ಯಾಲೈಡುಗಳು, ನಮ್ಮ ಅಡುಗೆ ಉಪ್ಪು ಆ ಮನೆತನದ ಹಿರಿಯ ಮಗ ಎಂದು ಪಾಠ ಶುರು ಮಾಡುತ್ತೇನೆ. ಹರಳಿನ ರೂಪ, ಹೆಚ್ಚಿನ ಕರಗುವ ಬಿಂದು, ನೀರಿನಲ್ಲಿ ಕರಗುವಿಕೆ ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತೇನೆ. ಕಿರುಪರೀಕ್ಷೆಯಲ್ಲಿ ಪ್ರತಿ ವರ್ಷ ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ: ಕ್ಯಾಲ್ಸಿಯಂ ಕ್ಲೋರೈಡನ್ನು ತೆರೆದಿಟ್ಟರೆ ಏನಾಗುತ್ತದೆ? ಉತ್ತರಕ್ಕೆ ಎರಡು ವಾಕ್ಯ ಬೇಕು. ‘ಗಾಳಿಯ ತೇವ ಹೀರಿಕೊಳ್ಳುತ್ತದೆ’ ಎಂದಷ್ಟೇ ಬರೆದು ಕೈಕಟ್ಟಿ ಕೂತವರಿಗೆ ಕೆಂಪು ಶಾಯಿಯಲ್ಲಿ ‘ಅರ್ಧ ಉತ್ತರ’ ಎಂದು ಬರೆದು ಅರ್ಧ ಅಂಕ ಕೊಡುತ್ತೇನೆ. ಆ ಕೆಂಪು ಶಾಯಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನನ್ನ ಅತ್ತೆ ಸಿದ್ದಮ್ಮನವರಿಗೆ ಹ್ಯಾಲೈಡು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಅಟ್ಟ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಉಂಡೆ ಕೊಬ್ಬರಿಯಾಗಿ ಒಳಗೇ ಉರುಳಾಡುತ್ತದೆ. ಅತ್ತೆ ವಾರಕ್ಕೊಮ್ಮೆ ಏಣಿ ಹತ್ತಿ, ಒಂದೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಟಲೊಟ ಅಂದರೆ ಇನ್ನೂ ಹಸಿ. ಗಡಗಡ ಅಂದರೆ ಆಯಿತು. ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು. ಎಪ್ಪತ್ತೆಂಟರ ಆ ಹೆಂಗಸು ಏಣಿ ಹತ್ತುವಾಗ ಐವತ್ತಮೂರರ ನಾನು ಕೆಳಗೆ ನಿಂತು ಮಂಡಿ ನೋವು ಅನ್ನುತ್ತಿದ್ದೆ.

ಅಟ್ಟದ ಕೆಳಗಿನ ಹಳೇ ಅಡುಗೆಮನೆಯಲ್ಲಿ ಒಂದು ಸೌದೆ ಒಲೆ. ನಾನು ಮದುವೆಯಾಗಿ ಬಂದಾಗಿನಿಂದಲೂ ಅತ್ತೆ ದಿನಾ ಬೆಳಿಗ್ಗೆ ಅದಕ್ಕೆ ಉರಿ ಹಾಕಿ ಮನೆಮಂದಿಗೆಲ್ಲ ಸ್ನಾನದ ನೀರು ಕಾಯಿಸುತ್ತಿದ್ದರು. ಒಲೆಯ ಪಕ್ಕದಲ್ಲೇ ಉಪ್ಪಿನ ಮಡಕೆ ಇರುತ್ತಿತ್ತು. ಮಳೆಗಾಲದಲ್ಲಿ ನಾನು ಕಪಾಟಿನ ಡಬ್ಬಿಯಲ್ಲಿಟ್ಟ ಉಪ್ಪು ಒದ್ದೆಯಾಗಿ ಗಟ್ಟಿ ಕಟ್ಟುತ್ತಿತ್ತು. ಅವರ ಮಡಕೆಯ ಉಪ್ಪು ಉದುರು ಉದುರಾಗಿರುತ್ತಿತ್ತು. ಒಂದು ಸಲ ನಾನು ಅವರಿಗೆ ಪಾಠವನ್ನೇ ಮಾಡಿದೆ.

“ಅತ್ತೆ, ಒದ್ದೆಯಾಗೋದು ಉಪ್ಪಲ್ಲ. ಅದ್ರಲ್ಲಿ ಬೆರೆತಿರೋ ಮೆಗ್ನೀಷಿಯಂ ಕ್ಲೋರೈಡು. ಅದು ತೇವ ಎಳ್ಕೊಳ್ಳುತ್ತೆ.”

“ಯಾವ ಕ್ಲೋರೈಡೋ ಏನೋ ಕಣವ್ವ,” ಅಂದರು ಅತ್ತೆ, “ಒಲೆ ಪಕ್ಕ ಮಡಗಿದ್ರೆ ಎಲ್ಲ ಸುಮ್ಕಿರ್ತವೆ.”

ಹಿಂದಿನ ವರ್ಷದ ಕಾರ್ತಿಕದಲ್ಲಿ ಅತ್ತೆ ಕೊನೆಯ ಸಲ ಅಟ್ಟ ತುಂಬಿಸಿದರು. ತಾವೇ ಮಣೆ ಹಾಕಿಕೊಂಡು ಕೂತು, ಒಂದೊಂದು ಕಾಯಿಯನ್ನೂ ಮುಟ್ಟಿ ನೋಡಿ ಮೇಲಕ್ಕೆ ಕಳಿಸಿದರು. ಅದಾಗಿ ಹದಿನೈದು ದಿನಕ್ಕೆ ಮಲಗಿದವರು ಏಳಲಿಲ್ಲ. ಒಂದು ದಿನ ನನ್ನ ಕೈ ಹಿಡಿದುಕೊಂಡು ಹೇಳಿದರು: “ಸೈಲಾ, ಈ ಅಟ್ಟ ನಾನೇ ಕೂತು ಹಾಕ್ಸಿರೋದು. ನನ್ ವರ್ಷುದ್ ಕಾರ್ಯಕ್ಕೆ ಇದ್ರ ಕೊಬ್ಬರೀಲೇ ಹೋಳಿಗೆ ಮಾಡು. ಅಂಗ್ಡಿ ಕೊಬ್ಬರಿ ತಂದು ಮರ್ವಾದೆ ಕಳೀಬ್ಯಾಡ.”

“ಆಗ್ಲಿ ಅತ್ತೆ.”

“ಒಲೆ ಆರುಸ್ಬ್ಯಾಡ.”

“ಆಗ್ಲಿ ಅತ್ತೆ.”

ಮೂರು ದಿನ ಬಿಟ್ಟು ಹೋಗಿಬಿಟ್ಟರು. ಅವತ್ತು ಅವರ ಒಬ್ಬನೇ ಮಗ, ಅಂದರೆ ನನ್ನ ಯಜಮಾನರು ಮಹದೇವಯ್ಯ, ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದರು. ಅತ್ತೆಯ ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನು. ಯಜಮಾನರು ವಾಪಸು ಬಂದು, ತಾಯಿಯ ಪಾದದ ಹತ್ತಿರ ಕೂತು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ಆಮೇಲೂ ಇಲ್ಲ. ತೋಟಕ್ಕೆ ಹೋಗುವುದು, ಬರುವುದು, ಉಣ್ಣುವುದು, ಅಷ್ಟೆ. ಅತ್ತೆಯ ವಿಷಯ ಎತ್ತಿದರೆ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಆ ವರ್ಷ ನಮ್ಮ ಹಸು ಚೆನ್ನಾಗಿ ಮೈ ತುಂಬಿಕೊಂಡಿತು.

ನಾನು ಕೊಟ್ಟ ಎರಡು ಮಾತಿನಲ್ಲಿ ಎರಡನೆಯದು ಎರಡನೇ ವಾರಕ್ಕೇ ಹೋಯಿತು. ಶಾಲೆಯ ಬಸ್ಸು ಎಂಟಕ್ಕೆ. ಹೊಗೆಗೆ ನನ್ನ ಕಣ್ಣು ಉರಿಯುತ್ತದೆ. ಬಚ್ಚಲಿಗೆ ಗೀಸರ್ ಹಾಕಿಸಿದೆ. ಒಲೆಯ ಬೂದಿ ಗೋರಿ, ಅದರ ಮೇಲೆ ಮಿಕ್ಸಿ ಇಟ್ಟೆ. ಮನೆ ಎಷ್ಟು ಸ್ವಚ್ಛವಾಯಿತು ನೋಡಿ ಎಂದು ಯಜಮಾನರಿಗೆ ತೋರಿಸಿದೆ. ಅವರು ನೋಡಿ ಹಸುವಿನ ಹತ್ತಿರ ಹೋದರು.

ಬೇಸಗೆ ಕಳೆಯಿತು. ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಭಾದ್ರಪದದ ಹೊತ್ತಿಗೆ ಅಡುಗೆಮನೆಯಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಮಂಡಿ ನೋವನ್ನು ಮರೆತು ಏಣಿ ಹತ್ತಿದೆ. ಮಟ್ಟೆಗಳ ಮೇಲೆ ಸಣ್ಣಗೆ ಬೂಸ್ಟು! ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಲೊಟವೋ ಗಡವೋ ತಿಳಿಯಲಿಲ್ಲ. ಅತ್ತೆಯ ಕಾರ್ಯಕ್ಕೆ ಎರಡೇ ತಿಂಗಳು ಉಳಿದಿತ್ತು.

ಮರ್ಯಾದಸ್ಥ ಸೊಸೆಯಾಗಿದ್ದರೆ ಕೆಳಗಿಳಿದು, ಮಿಕ್ಸಿ ತೆಗೆದು, ಒಲೆ ಹಚ್ಚುತ್ತಿದ್ದಳು. ನಾನು ವಿಜ್ಞಾನ ಶಿಕ್ಷಕಿ! ತೇವ ಇದೆಯೇ? ತೇವ ಹೀರುವ ವಸ್ತು ಯಾವುದು? ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಶನಿವಾರ ಮಧ್ಯಾಹ್ನವೇ ಬಸ್ಸು ಹತ್ತಿ ತುಮಕೂರಿಗೆ ಹೋಗಿ, ರಾಸಾಯನಿಕ ಮಾರುವ ಅಂಗಡಿಯಲ್ಲಿ ಹತ್ತು ಕೆಜಿ ಕ್ಯಾಲ್ಸಿಯಂ ಕ್ಲೋರೈಡು ತಂದೆ. ಬರುವಾಗ ಬಸ್ಸಿನ ಕಂಡಕ್ಟರು ಚೀಲ ಮುಟ್ಟಿ ನೋಡಿ, “ಏನ್ ಮೇಡಂ, ಉಪ್ಪಾ? ತುಮ್ಕೂರಿಂದ ತರ್ಬೇಕಾ?” ಅಂದ. “ಇದು ಬೇರೆ ಉಪ್ಪು ಕಣಪ್ಪ,” ಎಂದು ಗಂಭೀರವಾಗಿ ಹೇಳಿದೆ. ಇಳಿಯುವಾಗ ಅವನು ಕೂಗಿದ: “ಮೇಡಂ, ನಿಮ್ ಬ್ಯಾರೆ ಉಪ್ಪು ಸೀಟೆಲ್ಲ ಒದ್ದೆ ಮಾಡೈತೆ!” ಚೀಲದ ಬಾಯಿ ಸ್ವಲ್ಪ ಸಡಿಲವಾಗಿತ್ತು. ಅದು ಪ್ರಕೃತಿ ನನಗೆ ಕೊಟ್ಟ ಮೊದಲ ಸೂಚನೆ. ನಾನು ಚೀಲದ ಬಾಯಿ ಬಿಗಿದು ಕಟ್ಟಿದೆ.

ಪುಡಿಯನ್ನು ಯಾವುದರಲ್ಲಿ ಕಟ್ಟುವುದು? ಗಾಳಿಯಾಡುವ ತೆಳು ಬಟ್ಟೆಯೇ ಬೇಕು. ಅತ್ತೆಯ ಒಂದು ಹಳೇ ನೂಲಿನ ಸೀರೆ, ಒಗೆದೂ ಒಗೆದೂ ಮೆತ್ತಗಾದದ್ದು, ಪೆಟ್ಟಿಗೆಯಲ್ಲಿತ್ತು. ಅದನ್ನು ಹರಿದು ಇಪ್ಪತ್ತು ಗಂಟು ಕಟ್ಟಿದೆ. ಕಟ್ಟುವಾಗ ಬೆವರಿದ ಅಂಗೈಗೆ ಪುಡಿ ತಾಗಿ ಬಿಸಿ ಬಿಸಿಯಾಯಿತು. ‘ನೀರು ಸೇರಿದಾಗ ಶಾಖ ಬಿಡುಗಡೆ’ ಎಂದು ನನಗೆ ನಾನೇ ಪಾಠ ಹೇಳಿಕೊಂಡು ಖುಷಿಪಟ್ಟೆ. ಭಾನುವಾರ ಯಜಮಾನರು ತೋಟದಲ್ಲಿದ್ದಾಗ ಎಲ್ಲ ಗಂಟುಗಳನ್ನೂ ಅಟ್ಟದ ಜಂತೆಗೆ ಸಾಲಾಗಿ ತೂಗುಹಾಕಿದೆ. ಬಾಗಿಲ ಕಡೆಯ ಮೂಲೆಗೆ ಬರುವ ಹೊತ್ತಿಗೆ ಪುಡಿ ಮುಗಿದುಹೋಯಿತು. ಆ ಮೂಲೆಯ ಹತ್ತು ಹನ್ನೆರಡು ಕಾಯಿ ಹಾಳಾದರೆ ಹಾಳಾಗಲಿ ಎಂದು ಉದಾರವಾಗಿ ಬಿಟ್ಟುಬಿಟ್ಟೆ.

ಎರಡು ದಿನ ಎಲ್ಲ ಚೆನ್ನಾಗಿತ್ತು. ಮುಗ್ಗಲು ವಾಸನೆ ಕಡಿಮೆಯಾಯಿತು. ಅತ್ತೆಯ ಫೋಟೋದ ಮುಂದೆ ನಿಂತು, “ನೋಡಿದ್ರಾ ಅತ್ತೆ, ಒಲೆ ಇಲ್ದೇನೂ ಆಗುತ್ತೆ,” ಅಂದೆ. ಹೌದು, ಅಂದೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಮೂರನೆಯ ದಿನ ಸಂಜೆ ಯಜಮಾನರು ಅಟ್ಟದ ಕೆಳಗೆ ಕೂತು ಮುದ್ದೆ ಮುರಿಯುತ್ತಿದ್ದರು. ಅವರ ತಲೆಯ ನಡುವೆ ಕೂದಲಿಲ್ಲದ ಒಂದು ಬಯಲಿದೆ. ಸರಿಯಾಗಿ ಅಲ್ಲಿಗೆ ಟಪ್ ಎಂದು ಒಂದು ಹನಿ ಬಿತ್ತು.

“ಲೇ ಶೈಲಾ, ಸೂರು ಸೋರ್ತಾ ಐತಾ?”

“ಮಳೆ ನಿಂತು ಎರಡು ದಿನ ಆಯ್ತಲ್ಲ ಕಣ್ರೀ.”

“ಹಂಗಾದ್ರೆ ಬೆಕ್ಕು ಗಿಕ್ಕು…” ಎನ್ನುವಷ್ಟರಲ್ಲಿ ಹನಿ ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿಯಿತು. ಅವರು ನಾಲಿಗೆಯಿಂದ ಸವರಿಕೊಂಡರು.

“ಉಪ್ಪಗೈತೆ,” ಅಂದರು.

ಆ ಕ್ಷಣದಲ್ಲಿ ನನಗೆ ಎರಡನೇ ವಾಕ್ಯ ನೆನಪಾಯಿತು. ಕ್ಯಾಲ್ಸಿಯಂ ಕ್ಲೋರೈಡು ಗಾಳಿಯ ತೇವ ಹೀರಿಕೊಳ್ಳುತ್ತದೆ; ಹೀರಿಕೊಂಡ ಆ ನೀರಿನಲ್ಲಿ ತಾನೇ ಕರಗಿ ದ್ರವವಾಗಿಬಿಡುತ್ತದೆ! ಇಪ್ಪತ್ತಾರು ವರ್ಷ ಮಕ್ಕಳ ಅರ್ಧ ಅಂಕ ಕಿತ್ತುಕೊಂಡಿದ್ದು ಇದೇ ವಾಕ್ಯಕ್ಕೆ. ಹತ್ತು ಕೆಜಿ ಪುಡಿ ಎರಡು ಮೂರು ಕೊಡ ನೀರಾಗಿ ಅತ್ತೆಯ ಸೀರೆಯ ಗಂಟುಗಳಿಂದ ಅತ್ತೆಯ ಕಾಯಿಗಳ ಮೇಲೆ ಸುರಿಯುತ್ತಿತ್ತು.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಗೌರಕ್ಕ ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಳು. ಒಳಗೆ ಬಂದವಳು ಇನ್ನೊಂದು ಹನಿಯನ್ನು ಬೆರಳಿನಲ್ಲಿ ಹಿಡಿದು, ನೆಕ್ಕಿ, ಎದೆ ಮುಟ್ಟಿಕೊಂಡಳು.

“ಅಯ್ಯೋ ಶಿವನೇ! ಕಣ್ಣೀರು ಕಣ್ರವ್ವಾ! ಸಿದ್ದತ್ತೆ ಅಟ್ಟುದ್ ಮ್ಯಾಲೆ ಕೂತು ಅಳ್ತಾವ್ಳೆ!”

“ಗೌರಕ್ಕ, ಹಂಗೆಲ್ಲ ಏನಿಲ್ಲ, ಅದು…”

“ನೀವು ಸುಮ್ಕಿರಿ ಟೀಚರಮ್ಮ. ಆಯಮ್ಮನ ಒಲೆ ಮ್ಯಾಲೆ ಮಿಕ್ಸಿ ಕೂರ್ಸಿದ್ರಲ್ಲ, ಅಳ್ದೆ ನಗ್ತಾಳಾ?”

ಮೂಢನಂಬಿಕೆಯ ವಿರುದ್ಧ ನಾನು ಶಾಲೆಯಲ್ಲಿ ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಆ ಸಂಜೆ ಒಂದು ವಾಕ್ಯವೂ ಹೊರಡಲಿಲ್ಲ. ಕಾರಣ ಗೌರಕ್ಕ ಅಲ್ಲ. ಯಜಮಾನರು. ಅವರು ತಟ್ಟೆ ಸರಿಸಿ, ತಲೆ ಎತ್ತಿ ಅಟ್ಟವನ್ನೇ ನೋಡುತ್ತಿದ್ದರು. ಕಣ್ಣು ಕೆಂಪಗಾಗಿತ್ತು. ಅವತ್ತು ಅವರು ಹಸುವಿನ ಹತ್ತಿರ ಹೋಗಲಿಲ್ಲ.

ಮರುದಿನ ಶಾಲೆಯಿಂದ ಬಂದರೆ ಅಡುಗೆಮನೆ ತುಂಬ ಹೆಂಗಸರು! ಹನಿ ಬೀಳುವ ಕಡೆಗಳಲ್ಲೆಲ್ಲ ನನ್ನ ಸ್ಟೀಲಿನ ಪಾತ್ರೆಗಳನ್ನು ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗುತ್ತಿದ್ದರು. ಅರಳಗುಪ್ಪೆಯಿಂದ ಅತ್ತೆಯ ತಂಗಿಯೂ ಬಂದು, ಬೊಗಸೆಯಲ್ಲಿ ಹನಿ ಹಿಡಿದು ಕಣ್ಣಿಗೆ ಒತ್ತಿಕೊಂಡು, ಉರಿ ಹತ್ತಿ ಕಿರುಚಿಕೊಂಡರು. ನಾನು ತಣ್ಣೀರು ತಂದು ಮೇಲಿಂದ ಮೇಲೆ ಕಣ್ಣು ತೊಳೆಸಿದೆ. “ಅಕ್ಕುನ್ ಸಂಕ್ಟ ಎಷ್ಟು ಉರೀತಿತ್ತೋ,” ಎಂದು ಆ ಮುದುಕಿ ಇನ್ನೂ ಜೋರಾಗಿ ಅತ್ತರು. ಹೆಂಗಸರು ಹೋದ ಮೇಲೆ ಗಂಟುಗಳನ್ನು ಇಳಿಸಲು ಅಟ್ಟ ಹತ್ತಿದೆ. ಇಳಿಸುವುದಕ್ಕೆ ಏನೂ ಉಳಿದಿರಲಿಲ್ಲ. ಒದ್ದೆ ಬಟ್ಟೆ, ಜಾರುವ ಮಟ್ಟೆ, ತುಕ್ಕು ಹಿಡಿದ ಮೊಳೆ. ಒಣಬಟ್ಟೆ ತೆಗೆದುಕೊಂಡು ಒರೆಸಿದೆ. ಒರೆಸಿದಷ್ಟೂ ಜಿಡ್ಡು. ಅತ್ತೆ ಒಂದೊಂದಾಗಿ ಮುಟ್ಟಿ ಕಳಿಸಿದ ಕಾಯಿಗಳ ನಡುವೆ ಕೂತು ನಾನು ಸೀರೆಯ ಚೂರುಗಳನ್ನು ಹಿಂಡಿದೆ.

ಕೆಳಗಿನಿಂದ ಮಾತು ಕೇಳಿಸಿತು. ಯಜಮಾನರು ತೋಟದಿಂದ ಬಂದು ತಾಯಿಯ ಮಣೆಯ ಮೇಲೆ, ಆರಿದ ಒಲೆಯ ಮುಂದೆ ಕೂತಿದ್ದರು.

“ಅವ್ವಾ, ಅವತ್ತು ನಾನು ತಿಪ್ಟೂರಿಗೆ ಹೋಗ್ಬಾರ್ದಿತ್ತು ಕಣವ್ವಾ. ನೀನೇ ಹೋಗಿ ಬಾರ್ಲಾ ಅಂದೆ, ಅದ್ಕೇ ಹೋದೆ. ಬಸ್ಸು ದಾರೀಲಿ ಕೆಟ್ಟು ನಿಲ್ತು. ಇಲ್ದಿದ್ರೆ ಬಂದ್ಬುಡ್ತಿದ್ದೆ. ಬಂದ್ಬುಡ್ತಿದ್ದೆ ಕಣವ್ವಾ…”

ಅರವತ್ತು ವರ್ಷದ ಗಂಡಸು ಎಳೇ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಅಟ್ಟದ ಮೇಲೆ ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತೆ. ಅದು ಕಹಿ ಕಹಿ, ಉಪ್ಪುಪ್ಪು. ಅವರು ಎದ್ದು ಹೊರಗೆ ಹೋಗುವ ತನಕ ಇಳಿಯಲಿಲ್ಲ. ರಾತ್ರಿ ಹೇಳೋಣ ಅಂದುಕೊಂಡೆ. ರಾತ್ರಿ ಮತ್ತೆ ಅವರು ಮಣೆ ಹಾಕಿಕೊಂಡರು. ನಾಳೆ ಹೇಳೋಣ ಅಂದುಕೊಂಡೆ. ಹೀಗೆ ವಾರಗಟ್ಟಲೆ, ದಿನಾ ಸಂಜೆ ಅವರು ಅಟ್ಟದ ಜೊತೆ ಮಾತಾಡಿದರು. ಚಿಕ್ಕಂದಿನಲ್ಲಿ ಕದ್ದು ತಿಂದ ಬೆಲ್ಲದಿಂದ ಹಿಡಿದು ಎಲ್ಲ. ನಾನು ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಆ ಮನುಷ್ಯ ನನ್ನ ಜೊತೆ ಮೂವತ್ತು ವರ್ಷದಲ್ಲಿ ಅಷ್ಟು ಮಾತಾಡಿರಲಿಲ್ಲ.

ಕಾರ್ಯಕ್ಕೆ ಎರಡು ದಿನ ಮುಂಚೆ ಕೊಬ್ಬರಿ ಸುಲಿಯುವ ರಂಗಣ್ಣ ಬಂದ. ಮೊದಲ ಕಾಯಿಯ ಮಟ್ಟೆ ತೆಗೆದು ಚಿಪ್ಪು ಒಡೆದ. ಒಳಗೆ ಉಂಡೆ ಇರಲಿಲ್ಲ. ಕಂದು ಬಣ್ಣಕ್ಕೆ ತಿರುಗಿ, ಅಂಟಂಟಾಗಿ, ಚಿಪ್ಪಿಗೆ ಕಚ್ಚಿಕೊಂಡ ತಿರುಳು. ಎರಡನೆಯದೂ ಹಾಗೇ. ಇಪ್ಪತ್ತನೆಯದೂ ಹಾಗೇ. ರಂಗಣ್ಣ ಒಂದು ಚೂರು ಬಾಯಿಗೆ ಹಾಕಿ ಥೂ ಎಂದು ಉಗಿದ.

“ಏನವ್ವಾ ಇದು, ಔಸ್ದಿ ಕುಡ್ದಂಗಾಯ್ತದೆ! ಕಾಯಿ ಕಣ್ಣಲ್ಲಿ ಏನೋ ಇಳ್ದೈತೆ. ಸಿದ್ದವ್ವುನ್ ಅಟ್ಟ ಯಾವತ್ತಾದ್ರೂ ಹಿಂಗಾಗಿತ್ತಾ?”

ಆಗಿರಲಿಲ್ಲ. ನಾನು ಅಂಗಳದಲ್ಲೇ ಕೂತೆ. ಯಜಮಾನರ ಮುಖ ನೋಡದೆ, ನೆಲ ನೋಡಿಕೊಂಡು, ಎಲ್ಲ ಹೇಳಿದೆ. ತುಮಕೂರು, ಹತ್ತು ಕೆಜಿ, ಸೀರೆ, ಗಂಟು, ಎರಡನೇ ವಾಕ್ಯ.

“ಅದು ಅತ್ತೆ ಕಣ್ಣೀರಲ್ಲ ಕಣ್ರೀ. ನಾನು ತಂದ ಉಪ್ಪು. ನೀವು ಅಷ್ಟು ದಿನ ಮಾತಾಡಿದ್ದು ಕ್ಯಾಲ್ಸಿಯಂ ಕ್ಲೋರೈಡಿನ ಹತ್ರ.”

ಅವರು ಒಡೆದ ಚಿಪ್ಪೊಂದನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, “ಗೊತ್ತು,” ಅಂದರು.

“ಏನ್ ಗೊತ್ತು?”

“ಹನಿ ಬಿದ್ದ ಮಾರ್ನೆ ದಿನ ಬೆಳಿಗ್ಗೆನೇ ಅಟ್ಟ ಹತ್ತಿ ನೋಡಿದ್ದೆ ಕಣೇ. ಅವ್ವುನ್ ಸೀರೆ ಗಂಟು ನೇತಾಕಿದ್ಯಲ್ಲ. ನೀನು ಓದಿದೋಳು, ಏನೋ ಲೆಕ್ಕಾಚಾರ ಇರ್ತದೆ ಅಂದ್ಕಂಡು ಇಳ್ದು ಬಂದೆ.”

“ಮತ್ತೆ ದಿನಾ ಕೂತು…”

“ಹೇಳ್ಕೊಳ್ಳಕ್ಕೆ ಒಂದ್ ಜಾಗ ಬೇಕಿತ್ತು ಕಣೇ,” ಅಂದರು. “ಬುಡು.”

ಅವರು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರವಾಗುತ್ತಿದ್ದೆ. ಬೈಯಲಿಲ್ಲ. ನಾನೇ ಗೊಳೋ ಎಂದು ಅತ್ತುಬಿಟ್ಟೆ. ಅತ್ತೆಯ ಕೊನೆಯ ಮಾತು ಎರಡೇ ಎರಡು. ಎರಡನ್ನೂ ನಡೆಸಲಾರದೆ ಹೋದೆನಲ್ಲ ಎಂದು ಬಿಕ್ಕಿದೆ. ರಂಗಣ್ಣ ದಿಕ್ಕು ತೋಚದೆ, ಅಳುವ ಹೆಂಗಸಿನ ಮುಂದಿಂದ ತಪ್ಪಿಸಿಕೊಳ್ಳಲು ಅಟ್ಟ ಹತ್ತಿದ. ಸ್ವಲ್ಪ ಹೊತ್ತಿಗೆ ಮೇಲಿಂದ ಕೂಗಿದ.

“ಅವ್ವಾ, ಈ ಬಾಗ್ಲು ಮೂಲೇಲಿ ಒಂದ್ ಹನ್ನೆರಡು ಅವೆ. ಕೇಳಿಲ್ಲಿ!”

ಗಡಗಡ. ನನಗೂ ಕೇಳಿಸಿತು. ಜೀವಮಾನದಲ್ಲಿ ಮೊದಲ ಸಲ ನನಗೆ ವ್ಯತ್ಯಾಸ ತಿಳಿಯಿತು. ಪುಡಿ ಸಾಲದೆ, ಹಾಳಾದರೆ ಆಗಲಿ ಎಂದು ನಾನು ಬಿಟ್ಟಿದ್ದ ಮೂಲೆ ಅದು. ನನ್ನ ವಿದ್ಯೆ ತಾಗದ ಹನ್ನೆರಡು ಕಾಯಿ ಮಾತ್ರ ಬೆಳ್ಳಗೆ, ದುಂಡಗೆ, ಒಣಗಿದ ಕೊಬ್ಬರಿಯಾಗಿದ್ದವು!

ಹನ್ನೆರಡು ಕೊಬ್ಬರಿಗೆ ಎಷ್ಟು ಹೋಳಿಗೆಯಾದೀತು? ಮೊದಲು ಅತ್ತೆಯ ಸಮಾಧಿಯ ಗದ್ದಿಗೆಗೆ ಎಡೆ, ಆಮೇಲೆ ಬಂದವರಿಗೆ ತಲಾ ಅರ್ಧ. ಗೌರಕ್ಕ ಕೈಯಲ್ಲಿದ್ದ ಅರ್ಧವನ್ನು ತಿರುಗಿಸಿ ನೋಡಿ, “ಟೀಚರಮ್ಮ, ಇದೇನು ಅರ್ಧ?” ಅಂದಳು. ನಾನು ಕೊಟ್ಟ ಅರ್ಧ ಅಂಕಗಳೆಲ್ಲ ನೆನಪಾಗಿ ಒಳಗೆ ಹೋದೆ. ಅತ್ತೆಯ ತಂಗಿ ಮಾತ್ರ ಕಣ್ಣು ಮುಚ್ಚಿಕೊಂಡು ತಿಂದು, “ಅಕ್ಕುನ್ ಅಟ್ಟುದ್ದೇ ಬುಡು, ರುಚಿ ಗೊತ್ತಾಯ್ತದೆ,” ಅಂದರು. ಆ ಒಂದು ಮಾತಿಗೆ ನಾನು ಕಾಲು ಹಿಡಿಯುವುದೊಂದು ಬಾಕಿ.

ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ಎದ್ದು, ಮಿಕ್ಸಿ ತೆಗೆದು, ಒಲೆ ಹಚ್ಚಿದೆ. ಉಪ್ಪಿನ ಮಡಕೆಯನ್ನು ಅದರ ಹಳೇ ಜಾಗಕ್ಕೆ ತಂದಿಟ್ಟೆ. ಹೊಗೆ ಕಣ್ಣಿಗೆ ಹೊಡೆದರೂ ಏಳಲಿಲ್ಲ. ಈಗಲೂ ದಿನಾ ಹಚ್ಚುತ್ತೇನೆ. ಎಂಟರ ಬಸ್ಸು ವಾರಕ್ಕೆ ಎರಡು ಸಲ ತಪ್ಪುತ್ತದೆ. ಯಜಮಾನರು ಸಂಜೆ ಮಣೆ ಹಾಕಿಕೊಂಡು ಒಲೆಯ ಮುಂದೆ ಕೂರುತ್ತಾರೆ. ನಾನೂ ಪಕ್ಕದಲ್ಲಿ ಕೂರುತ್ತೇನೆ.

ಈ ವರ್ಷದ ಕಿರುಪರೀಕ್ಷೆಯಲ್ಲೂ ಅದೇ ಪ್ರಶ್ನೆ ಕೇಳಿದೆ. ಅರ್ಧ ಉತ್ತರ ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟೆ. ಮುಖ್ಯೋಪಾಧ್ಯಾಯರು ಕರೆಸಿ ಕಾರಣ ಕೇಳಿದರು. “ಎರಡನೇ ವಾಕ್ಯ ಬಹಳ ಕಷ್ಟ ಸರ್,” ಅಂದೆ.

ಮೊನ್ನೆ ಸಂಜೆ ಒಲೆಯ ಮುಂದೆ ಕೂತಿದ್ದಾಗ ಜಂತೆಯಿಂದ ಟಪ್ ಎಂದು ಒಂದು ಹನಿ ಬಿತ್ತು, ಈ ಸಲ ನನ್ನ ತಲೆಗೆ. ಯಜಮಾನರು ಮೇಲೆ ನೋಡಿದರು.

“ಇನ್ನೂ ಒಣಗಿಲ್ವೇನೇ ಅದು? ಕಾರ್ಯ ಆಗಿ ಎರಡು ತಿಂಗ್ಳಾಯ್ತಲ್ಲ.”

ಜಂತೆಯ ಮರಕ್ಕೆ ಇಳಿದ ಆ ಉಪ್ಪು, ಮೋಡ ಕವಿದ ದಿನ ಗಾಳಿಯ ತೇವ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಅದು ಕೂಡ ಪಾಠದಲ್ಲಿದೆ.

“ಅದು ಒಣಗೋ ಜಾತೀದಲ್ಲ ಕಣ್ರೀ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಗೆ ಇನ್ನೊಂದು ಸೌದೆ ನೂಕಿದೆ.